ಗೌರಾಬಾಯಿ ಅಕ್ಕೋರ ಸೀರಣಿಗೆ

ಗೌರಾಬಾಯಿ ಅಕ್ಕೋರು ಯಾರನ್ನೇ ಮೊದಲ ಸಲ ಕಂಡರೂ ಮುಖ ನೋಡುತ್ತಿರಲಿಲ್ಲ, ಬೈತಲೆ ನೋಡುತ್ತಿದ್ದರು. ತಾಲೂಕಿನಿಂದ ಸಾಹೇಬರು ತಪಾಸಣೆಗೆ ಬಂದಾಗಲೂ ಅಷ್ಟೇ. ಅವರು ಹಾಜರಿ ಪುಸ್ತಕ ಕೇಳುತ್ತಿದ್ದರೆ ಇವರು ಅವರ ನೆತ್ತಿಯ ಮೇಲೆ ಕಣ್ಣು ನೆಟ್ಟು, "ಹೊಟ್ಟು ಭಾಳ ಆಗೇತ್ರಿ ಸಾಹೇಬ್ರ, ಆಯ್ತವಾರಕ್ಕೊಮ್ಮೆ ಹುಳಿ ಮೊಸರು ಹಚ್ರಿ" ಅಂದುಬಿಟ್ಟರು. ಆ ವರ್ಷ ಸಾಹೇಬರು ಬರೆದ ವರದಿ ಅಷ್ಟೇಕೆ ಖಾರವಾಗಿತ್ತು ಎಂದು ನಮ್ಮ ಹೆಡ್ ಮಾಸ್ತರರು ಬಹಳ ದಿನ ತಲೆ ಸವರಿಕೊಂಡು ಯೋಚಿಸಿದರು. ಸವರಿಕೊಳ್ಳಲು ಅಲ್ಲಿ ಅಡ್ಡಿ ಏನೂ ಇರಲಿಲ್ಲ. ಹಣೆ ಎಲ್ಲಿ ಮುಗಿದು ತಲೆ ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದಷ್ಟು ಬೋಳು.

ನಾನು ಮುದ್ದೇಬಿಹಾಳದವಳು. ನೌಕರಿ ಸಿಕ್ಕಿ ಬಂದದ್ದು ಮನಗೂಳಿ ಕಡೆಯ ಒಂದು ಹಳ್ಳಿಗೆ. ಊರ ಹೆಸರು ಹೇಳುವುದಿಲ್ಲ. ಇನ್ನೂ ಅಲ್ಲೇ ಪಾಠ ಮಾಡುತ್ತೇನೆ, ಅಲ್ಲಿಯದೇ ನೀರು ಕುಡಿಯುತ್ತೇನೆ. ಹಾಜರಾದ ದಿನ ಅಕ್ಕೋರು ನನ್ನ ಬೈತಲೆಯನ್ನೂ ನೋಡಿದರು, ಉಳಿದವರದಕ್ಕಿಂತ ತುಸು ಹೆಚ್ಚು ಹೊತ್ತೇ ನೋಡಿದರು. ಏನೋ ಹೇಳಲು ಬಾಯಿ ತೆರೆದವರು ಅದನ್ನು ನುಂಗಿಕೊಂಡು, "ಕೂದಲಾ ಛಲೋ ಉದ್ದ ಅದಾವ್ರಿ ಮೇಡಂ" ಅಂದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಅವರ ಬಾಯಿಂದ ಒಳ್ಳೆಯ ಮಾತು ಬಂತೆಂದರೆ ಏನೋ ಕೆಟ್ಟದ್ದನ್ನು ತಡೆಹಿಡಿದಿದ್ದಾರೆ ಎಂದು ಅರ್ಥ. ಅದು ನನಗೆ ಆಗ ಗೊತ್ತಿರಲಿಲ್ಲ.

ನಮ್ಮ ಕಡೆ ಹಳೆಯ ಶಿಕ್ಷಕಿಯರು ಅಕ್ಕೋರು, ಹೊಸಬರು ಮೇಡಂ. ಈ 'ಮೇಡಂ' ಅನ್ನುವುದನ್ನು ಗೌರಾಬಾಯಿ ಅಕ್ಕೋರು ಹುಳಿ ಹುಣಸೆಕಾಯಿ ಕಚ್ಚಿದವರಂತೆ ಅನ್ನುತ್ತಿದ್ದರು. ಕುಳ್ಳಗಿನ ಗುಂಡು ಆಳು, ಕುತ್ತಿಗೆಯವರೆಗೆ ಬರುವ ಬಿಳಿ ತುರುಬು, ಊರ ಬಾವಿಯ ಗಡಗಡಿಯಂಥ ದನಿ. ಊರು ಇಂಡಿ ತಾಲೂಕಿನ ಸಾಲೋಟಗಿ. ಅಲ್ಲಿಯ ಹಳೆಯ ಶಾಸನದ ಬಗ್ಗೆ ಅವರಿಗೆ ಬಲು ಹೆಮ್ಮೆ. ಅದರಲ್ಲಿ ಏನು ಬರೆದಿದೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ, ಆದರೂ ಜಗಳ ಬಂದಾಗಲೆಲ್ಲ, "ನಾವು ಕಲ್ಲಿನ ಮ್ಯಾಲೆ ಬರದ ಮಂದಿ. ಬರದದ್ದ ಅಳಸೂದಿಲ್ಲ" ಅನ್ನುತ್ತಿದ್ದರು. ಜಗಳ ವಾರಕ್ಕೆ ಮೂರಾದರೂ ಬರುತ್ತಿತ್ತು. ಅದರಲ್ಲಿ ಎರಡನ್ನು ಅವರೇ ತರುತ್ತಿದ್ದರು.

ಅವರ ಆಯುಧ ಸೀರಣಿಗೆ. ಹೇನು ಮತ್ತು ಅದರ ಮೊಟ್ಟೆ ಸೀರನ್ನು ಎಳೆದು ತೆಗೆಯುವ ಸಣ್ಣ ಹಲ್ಲಿನ ಹಣಿಗೆ ಅದು, ಉಕ್ಕಿನದು. ಸಿಂದಗಿ ಬಜಾರಿನ ಒಂದೇ ಅಂಗಡಿಯದಾಗಬೇಕು, ಬೇರೆ ಕಡೆಯ ಹಣಿಗೆಯ ಹಲ್ಲಿನ ನಡುವೆ ಎಮ್ಮೆ ಹಾಯುತ್ತದೆ ಎಂಬುದು ಅವರ ವಾದ. ಶನಿವಾರ ಮುಂಜಾನೆಯ ಶಾಲೆ. ಪ್ರಾರ್ಥನೆ ಮುಗಿದ ಕೂಡಲೇ ಅವರು ಮೂರನೇ ಇಯತ್ತೆಯ ಮುಂದಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಹುಡುಗಿಯರು ಸಾಲಾಗಿ ಬಂದು ಒಬ್ಬೊಬ್ಬರೇ ಅವರ ಮೊಣಕಾಲ ನಡುವೆ ತಲೆ ಕೊಡುತ್ತಿದ್ದರು. ತಲೆ ಕೊಟ್ಟವಳು ಮಗ್ಗಿ ಹೇಳಬೇಕು, ಹಣಿಗೆ ಎಳೆದರೂ ನಿಲ್ಲಿಸಬಾರದು, ಕಣ್ಣೀರು ಬಂದರೂ ನಿಲ್ಲಿಸಬಾರದು. ಹೇನು ಹೆಚ್ಚಿದ್ದವರಿಗೆ ದೊಡ್ಡ ಮಗ್ಗಿ. ಹೀಗಾಗಿ ನಮ್ಮ ಶಾಲೆಯಲ್ಲಿ ಹದಿನೇಳರ ಮಗ್ಗಿ ಯಾರಿಗೆ ತಪ್ಪಿಲ್ಲದೆ ಬರುತ್ತಿತ್ತೋ ಅವರ ಪಕ್ಕ ಕೂರಲು ನಾವು ಶಿಕ್ಷಕಿಯರು ಹಿಂಜರಿಯುತ್ತಿದ್ದೆವು.

ಇಷ್ಟು ಹೇಳಿದ ಮಾತ್ರಕ್ಕೆ ಅವರನ್ನು ಆದರ್ಶ ಶಿಕ್ಷಕಿ ಅಂದುಕೊಳ್ಳಬೇಡಿ. ಮೂವತ್ತೆರಡು ವರ್ಷದ ನೌಕರಿಯಲ್ಲಿ ಒಂದು ವರ್ಷವೂ ಪಠ್ಯಪುಸ್ತಕದ ಕೊನೆಯ ಪಾಠ ಮುಟ್ಟಿದವರಲ್ಲ. ಮಧ್ಯಾಹ್ನದ ಊಟವಾದ ಮೇಲೆ ಕುರ್ಚಿಯಲ್ಲಿ ಕೂತೇ ಒಂದು ನಿದ್ದೆ. ಮಕ್ಕಳ ಹೆಸರು ಒಂದೂ ಸರಿಯಾಗಿ ನೆನಪಿರುತ್ತಿರಲಿಲ್ಲ. ಆದರೆ ಯಾವ ಹುಡುಗಿಗೆ ಎಡಗಿವಿಯ ಹಿಂದೆ ಸುಳಿ ಇದೆ, ಯಾರದು ಗುಂಗುರು, ಎಲ್ಲ ಬಾಯಿಪಾಠ. ಪರೀಕ್ಷೆಯಲ್ಲಿ ನಪಾಸಾದರೂ ಹೇನೇ ಕಾರಣ, ಮಗು ರಾತ್ರಿ ಅತ್ತರೂ ಹೇನೇ ಕಾರಣ. ಒಮ್ಮೆ ಊರಲ್ಲಿ ಒಬ್ಬಳು ಗಂಡನ ಮನೆ ಬಿಟ್ಟು ಬಂದಾಗ, "ಮದಲ ತಲಿ ನೋಡ್ರಿ ಆಕೀದು" ಅಂದರಂತೆ.

ಹೇನಿನ ಔಷಧದ ವಿಷಯದಲ್ಲಿ ಮಾತ್ರ ಅವರದು ಒಂದೇ ಮಾತು. ಬಸವನ ಬಾಗೇವಾಡಿಯ ದವಾಖಾನೆಯ ನರ್ಸಬಾಯಿ ಒಬ್ಬರು ಎಂದೋ ಕಲಿಸಿದ್ದು. "ಮೆಡಿಕಲ್ದಾಗ ಸಿಗೂ ಲೋಶನ್ ಹಚ್ಚಬೇಕು, ಅದರ ಮ್ಯಾಲೆ ಬರದಷ್ಟ ಹೊತ್ತು ಬಿಡಬೇಕು, ತೊಳೀಬೇಕು, ಹಸಿ ಕೂದಲದಾಗ ಹಣಿಗಿ ಎಳೀಬೇಕು. ಮನ್ಯಾಗ ಇದ್ದವರೆಲ್ಲಾ ಒಂದ ದಿನಾ. ಸೀರು ಆ ಔಷಧಕ್ಕ ಸಾಯೂದಿಲ್ಲ, ವಾರದಾಗ ಒಡದು ಮತ್ತ ಮರಿ ಆಗ್ತಾವು. ಅದಕ್ಕ ಒಂಬತ್ತನೇ ದಿನಾ ಮತ್ತ ಹಚ್ಚಬೇಕು." ಆಮೇಲೆ ಎರಡು ಬೆರಳೆತ್ತಿ ಮುಗಿಸುತ್ತಿದ್ದರು: "ಮಂದಿ ಒಮ್ಮೆ ಹಚ್ಚತಾರ, ಹೇನ ಎರಡ ಸಲ ಹುಟ್ಟತಾವ. ಯಾರು ಶ್ಯಾಣ್ಯಾ ಆದ್ರು?"

ಈಗ ಆ ವರ್ಷದ ಕಥೆ. ದಸರಾ ರಜೆ ಮುಗಿದು ಶಾಲೆ ತೆರೆದಿತ್ತು. ಗೌರಾಬಾಯಿ ಅಕ್ಕೋರು ತರಬೇತಿಗೆಂದು ಸಿಂದಗಿಗೆ ಹೋಗಿದ್ದರು. ನಾನು ನಾಲ್ಕನೇ ಇಯತ್ತೆಯ ಮೇಡಂ. ಸೋಮವಾರ ಬೆಳಿಗ್ಗೆ ಶಾಲಾ ಸಮಿತಿಯ ಅಧ್ಯಕ್ಷರ ಸೊಸೆ ನನ್ನ ತರಗತಿಯ ಬಾಗಿಲಲ್ಲಿ ಬಂದು ನಿಂತರು. ಅಧ್ಯಕ್ಷರು ಊರ ಗೌಡರು. ಸರ್ಕಾರಿ ಶಾಲೆಯ ಅಧ್ಯಕ್ಷರಾಗಲು ಅಲ್ಲಿ ಓದುವ ಮಗು ಮನೆಯಲ್ಲಿ ಇರಬೇಕಲ್ಲ, ಅದಕ್ಕೆಂದು ಅಕ್ಷತಾ ಎಂಬ ಒಬ್ಬ ಮೊಮ್ಮಗಳನ್ನು ನಮ್ಮ ಪಾಲಿಗೆ ಬಿಟ್ಟಿದ್ದರು. ಉಳಿದ ನಾಲ್ವರು ಮೊಮ್ಮಕ್ಕಳು ಹಳದಿ ವ್ಯಾನಿನಲ್ಲಿ ಬಸವನ ಬಾಗೇವಾಡಿಯ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರು.

"ನಮ್ಮ ಅಕ್ಷತಾನ ತಲಿ ತುಂಬ ಹೇನ ಆಗ್ಯಾವ್ರಿ. ಆಕಿ ಬಾಜೂ ಯಾರು ಕುಂಡ್ರತಾರ?" ಎಂದು ಸೊಸೆ ಕೇಳಿದರು.

"ಸುಜಾತಾ ಅಂತ್ರಿ."

"ಯಾವ ಓಣಿ?"

ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಮ್ಮ ಕಡೆ ಆ ಓಣಿಯನ್ನು ಗದ್ದ ಎತ್ತಿ ತೋರಿಸುತ್ತಾರೆ, ಬಾಯಲ್ಲಿ ಅನ್ನುವುದಿಲ್ಲ. ಸೊಸೆಯ ಗದ್ದ ತಾನೇ ಎದ್ದಿತು. "ಗೊತ್ತಾತು ಬಿಡ್ರಿ" ಅಂದರು. ಅಲ್ಲಿಗೆ ತನಿಖೆ ಮುಗಿಯಿತು. ಯಾರೂ ಯಾರ ತಲೆಯನ್ನೂ ನೋಡಿರಲಿಲ್ಲ.

ಸುಜಾತಾ ನನ್ನ ತರಗತಿಯಲ್ಲಿ ಎಲ್ಲರಿಗಿಂತ ಚುರುಕಾಗಿ ಓದುವ ಹುಡುಗಿ. ಅಪ್ಪ ಗೌಂಡಿ ಕೆಲಸದವನು, ಅವ್ವ ಸುನಂದಾ ತೊಗರಿ, ಉಳ್ಳಾಗಡ್ಡಿ ಹೊಲಗಳಿಗೆ ಕೂಲಿಗೆ ಹೋಗುವವಳು. ಮಗಳ ಸೊಂಟದವರೆಗಿನ ಕೂದಲನ್ನು ಅವಳು ದಿನಾ ಕೂಲಿಗೆ ಹೋಗುವ ಮೊದಲೇ ಎರಡು ಜಡೆ ಹೆಣೆದು ಕೆಂಪು ರಿಬ್ಬನ್ ಕಟ್ಟಿ ಕಳಿಸುತ್ತಿದ್ದಳು. ಒಂದು ದಿನವೂ ಆ ಬೈತಲೆ ಸೊಟ್ಟಗಾದದ್ದು ನಾನು ನೋಡಿಲ್ಲ.

ಹೆಡ್ ಮಾಸ್ತರರು ನನ್ನನ್ನು ಕರೆದರು. "ನೋಡ್ರಿ ಮೇಡಂ, ಅಧ್ಯಕ್ಷರ ಮನಿ ಮಾತು. ಸದ್ಯಕ್ಕ ಆ ಹುಡುಗಿನ್ನ ಸ್ವಲ್ಪ ಬ್ಯಾರೆ ಕುಂಡರಸ್ರಿ. ದೂರ ಅಂತಲ್ಲ ಮತ್ತ. ಹಿಂಗ, ಬಾಜೂ."

ನಾನು ಸ್ಟಾಫ್ ರೂಮಿನಿಂದ ಒಂದು ಹಳೇ ಚಾಪೆ ತಂದು, ಹಿಂದಿನ ಗೋಡೆಯ ಮೂಲೆಗೆ ಹಾಸಿ, ಸುಜಾತಾಳನ್ನು ಅಲ್ಲಿ ಕೂರಿಸಿದೆ. ಇದನ್ನು ಬೇರೆ ಯಾರ ಮೇಲೂ ಹಾಕುವಂತಿಲ್ಲ. ಅವಳು ಪುಸ್ತಕ ಎತ್ತಿಕೊಂಡು ಹೋಗಿ ಕೂತಳು. ಯಾಕೆ ಎಂದು ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ನಾನು ಅವಳನ್ನು ಒಳ್ಳೇ ಹುಡುಗಿ ಅಂದುಕೊಂಡೆ, ಥೂ ನನ್ನ ಜನ್ಮಕ್ಕೆ.

ಗುರುವಾರ ಗೌರಾಬಾಯಿ ಅಕ್ಕೋರು ತರಬೇತಿ ಮುಗಿಸಿ ಬಂದರು. ನನ್ನ ತರಗತಿಯ ಕಿಟಕಿಯಲ್ಲಿ ಬಗ್ಗಿ ನೋಡಿದವರು ಚಪ್ಪಲಿ ಸಮೇತ ಒಳಗೆ ಬಂದರು.

"ಯಾರು ಹಾಸಿದ್ರಿ ಈ ಚಾಪಿ?"

"ಹೆಡ್ ಸರ್ ಹೇಳಿದ್ರು..."

"ಬಾಯಿ ಹೆಡ್ ಸರ್‌ದು. ಕೈ ಯಾರದು?"

ಅವರು ಬಗ್ಗಿ ಚಾಪೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಸುಜಾತಾಳ ಕೈ ಹಿಡಿದು ಅವಳ ಹಳೆಯ ಜಾಗಕ್ಕೆ ತಂದು ಕೂರಿಸಿದರು. ಅಕ್ಷತಾ ಖುಷಿಯಿಂದ ಸರಿದು ಜಾಗ ಕೊಟ್ಟಳು. ಮಕ್ಕಳಿಗೆ ಏನೂ ಆಗಿರಲಿಲ್ಲ. ರೋಗ ಇದ್ದದ್ದು ನಮಗೆ.

ಶುಕ್ರವಾರ ಸಭೆ. ವಿಷಯ: ಮಕ್ಕಳ ಹೇನಿಗೆ ಯಾವ ಔಷಧ. ಹೇನು ಎಂಬ ಶಬ್ದವನ್ನು ಹೆಡ್ ಮಾಸ್ತರರು ಓದಿದ್ದೇ ತಡ, ಕೂತವರ ಕೈಗಳು ಒಂದೊಂದಾಗಿ ತಲೆಗೆ ಹೋದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ. ಹೆಡ್ ಮಾಸ್ತರರೊಬ್ಬರೇ ನಿಶ್ಚಿಂತೆಯಾಗಿದ್ದರು.

ಅಧ್ಯಕ್ಷರು ಮೀಸೆ ತೀಡಿ ಶುರು ಮಾಡಿದರು. "ಇದರಾಗ ವಿಚಾರ ಮಾಡೂದು ಏನೈತ್ರಿ? ಯಾವ ಹುಡುಗ್ಯಾರಿಗೆ ಅದಾವು, ಅವರ ತಲಿ ಬೋಳಸಿದ್ರ ಮುಗೀತು."

"ಹೌದ್ರಿ ಗೌಡ್ರ. ನಿಮ್ಮ ಅಕ್ಷತಾನಿಂದಲೇ ಚಾಲೂ ಮಾಡೂಣೇನು?" ಎಂದರು ಗೌರಾಬಾಯಿ ಅಕ್ಕೋರು.

ಅಧ್ಯಕ್ಷರು ಚಹಾದ ಕಪ್ಪಿಗೆ ಬಾಯಿ ಇಟ್ಟರು. ಸದಸ್ಯರೊಬ್ಬರು ಸೀಮೆಎಣ್ಣೆ ಅಂದರು. ಅದು ಈಗ ರೇಷನ್ನಿನಲ್ಲಿ ಎಲ್ಲಿ ಸಿಗುತ್ತದೆ ಎಂದು ಇನ್ನೊಬ್ಬರು ಕೇಳಿದರು. ಹಾಗಾದರೆ ಡೀಸೆಲ್ ಆದರೂ ಆದೀತು, ಟ್ರ್ಯಾಕ್ಟರಿನಲ್ಲಿ ಇದ್ದೇ ಇರುತ್ತದೆ ಎಂದರು ಮೊದಲಿನವರು. ಮತ್ತೊಬ್ಬರು ತೊಗರಿಯ ಹುಳಕ್ಕೆ ಹೊಡೆಯುವ ಎಣ್ಣೆಯನ್ನು ಒಂದು ಕೊಡ ನೀರಿಗೆ ಒಂದು ಮುಚ್ಚಳ ಹಾಕಿದರೆ ಹೇನಿನ ವಂಶವೇ ಉಳಿಯುವುದಿಲ್ಲ ಎಂದು ಲೆಕ್ಕ ಕೊಟ್ಟರು. "ಕೂಸಿನ ವಂಶಾನೂ ಉಳಿಯೂದಿಲ್ಲ" ಅಂದರು ಅಕ್ಕೋರು. "ತಲಿ ಅಂದ್ರ ನಿಮಗ ಹೊಲಾ ಕಂಡತೇನು? ತ್ವಾಟದಾಗ ಹೊಡದಂಗ ಪಂಪ ಹೊತ್ಕೊಂಡ ಬರ್ರಿ ಹಂಗಾರ."

ಎಮ್ಮೆಯ ಉಣ್ಣೆಗೆ ಹಾಕುವ ಪುಡಿಯೂ ಬಂತು. ಅದನ್ನು ತಂದವರು ತಮ್ಮ ಎಮ್ಮೆಯನ್ನು ಸಾಕ್ಷಿಗೆ ಹೇಳಿದರು. ನಾನು ಡಿ.ಎಡ್. ಓದಿದವಳು, ಸುಮ್ಮನೆ ಕೂರಲಾದೀತೆ? ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಉಳ್ಳಾಗಡ್ಡಿ ರಸ ಹಚ್ಚಿ ಟವೆಲ್ ಸುತ್ತಿದರೆ ಹೇನು ಉಸಿರುಗಟ್ಟಿ ಸಾಯುತ್ತವೆ, ನಮ್ಮ ಕಡೆ ಉಳ್ಳಾಗಡ್ಡಿಗೆ ಬರವೇ ಎಂದೆ.

"ಅದರ ಮ್ಯಾಲೆ ಒಂದೀಟ ಖಾರ, ಉಪ್ಪ ಹಾಕ್ರಿ ಮೇಡಂ. ರೊಟ್ಟಿ ಜೋಡಿ ಹಚ್ಕೊಂಡ ತಿಂದ್ರಾತು" ಎಂದರು ಅಕ್ಕೋರು. ಸಭೆ ನಕ್ಕಿತು. ನನ್ನ ವಿಜ್ಞಾನ ಅಲ್ಲಿಗೆ ಮುಗಿಯಿತು.

ಆಮೇಲೆ ಅವರು ಎದ್ದು ನಿಂತು ತಮ್ಮ ಲೋಶನ್ನಿನ ಮಾತು, ಒಂಬತ್ತನೇ ದಿನದ ಮಾತು ಹೇಳಿದರು. ಅದಕ್ಕೊಂದು ಷರತ್ತನ್ನೂ ಸೇರಿಸಿದರು. "ಔಷಧ ಯಾವುದು ಅನ್ನೂಕಿಂತ ಮದಲ ಹೇನ ಎಲ್ಲದಾವು ನೋಡೂಣು. ಸೋಮವಾರ ಎಲ್ಲಾರ ತಲಿ ನೋಡ್ತೇನಿ. ಬಿಳಿ ಧೋತರ ಹಾಸಿ, ಮಂದಿ ಕಣ್ಣಮುಂದ. ಮದಲ ನಂದು, ಆಮ್ಯಾಲೆ ಮೇಡಂದು, ಆಮ್ಯಾಲೆ ಮಕ್ಕಳದು. ಅಲ್ಲೀತನಾ ಯಾರೂ ಯಾರಿಗೂ ಏನೂ ಅನ್ನಬಾರದು. ಎತ್ತಿಗೆ ಜಡ್ಡ ಬಂದ್ರ ಎಮ್ಮಿಗೆ ಬರಿ ಎಳಿಯೂದು ಬ್ಯಾಡ."

ಅಧ್ಯಕ್ಷರು ಒಪ್ಪಿದರು. ಹೇನು ಯಾವ ಓಣಿಯಲ್ಲಿ ಸಿಗುತ್ತವೆ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ.

ಆದರೆ ಹೆಡ್ ಮಾಸ್ತರರದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಮನುಷ್ಯನ ಲೆಕ್ಕ. ಸಭೆ ಮುಗಿದು ಅಕ್ಕೋರು ಬಸ್ಸಿಗೆ ಹೋದ ಮೇಲೆ ಅವರು ನನ್ನನ್ನು ನಿಲ್ಲಿಸಿಕೊಂಡರು. "ಅಧ್ಯಕ್ಷರ ಸಮಾಧಾನಕ್ಕ ಒಂದ ಚೀಟಿ ಬರೀರಿ ಮೇಡಂ. ನಿಮ್ಮ ಅಕ್ಷರಾ ಛಂದ ಅದಾವು." ಬರೆದೆ. 'ನಿಮ್ಮ ಮಗಳ ತಲೆ ಸ್ವಚ್ಛ ಮಾಡಿಸಿ ಸೋಮವಾರ ಶಾಲೆಗೆ ಕಳಿಸುವುದು. ಇಲ್ಲವಾದಲ್ಲಿ ತರಗತಿಗೆ ಕೂರಿಸಲಾಗುವುದಿಲ್ಲ.' ಕೆಳಗೆ ಶಾಲೆಯ ಶಿಕ್ಕಾ ಹೊಡೆದರು. ಅದನ್ನು ಶನಿವಾರ ಶಾಲೆ ಬಿಡುವಾಗ ಸುಜಾತಾಳ ಕಂಪಾಸಿನ ಪೆಟ್ಟಿಗೆಯಲ್ಲಿ ಇಟ್ಟು ಕಳಿಸಿದವಳೂ ನಾನೇ.

ಸೋಮವಾರ ಶಾಲೆಯ ಪಡಸಾಲೆಯಲ್ಲಿ ಬಿಳಿ ಧೋತರ ಹಾಸಿದರು. ಅಧ್ಯಕ್ಷರು ಕುರ್ಚಿಯ ಮೇಲೆ, ಅವರ ಸೊಸೆ ಕಂಬಕ್ಕೆ ಒರಗಿ, ಊರ ಹೆಂಗಸರು ಗೋಡೆಗುಂಟ. ಗೌರಾಬಾಯಿ ಅಕ್ಕೋರು ತುರುಬು ಬಿಚ್ಚಿ ತಮ್ಮ ತಲೆಯನ್ನು ತಾವೇ ಬಗ್ಗಿಸಿ ಸೀರಣಿಗೆ ಎಳೆದರು. ಧೋತರದ ಮೇಲೆ ಒಂದು ಬಿತ್ತು, ಹರಿಯಿತು. "ಇಕಾ! ಮೂವತ್ತ ವರ್ಷದಿಂದ ಮಂದಿ ತಲಿ ನೋಡಾಕತ್ತೇನಿ, ಒಂದಾದ್ರೂ ನನ್ನ ಮ್ಯಾಲೆ ಪ್ರೀತಿ ಇಟ್ಟಿದ್ದೀತು" ಅಂದರು. ಹೆಂಗಸರು ಬಾಯಿಗೆ ಸೆರಗು ಇಟ್ಟು ನಕ್ಕರು.

ಎರಡನೆಯ ತಲೆ ನನ್ನದು. ಮುದ್ದೇಬಿಹಾಳದ ಮೇಡಂ, ದಿನಾ ಶಾಂಪೂ ಹಾಕುವವಳು, ಸೊಕ್ಕಿನಿಂದಲೇ ಕೂತೆ. ಅವರು ಕುತ್ತಿಗೆಯ ಹತ್ತಿರದಿಂದ ಹಣಿಗೆ ಹಾಕಿ ಒಮ್ಮೆ ಎಳೆದರು. ಮೂರು ಬಿದ್ದವು. ಇನ್ನೊಮ್ಮೆ ಎಳೆದರು, ಎರಡು. ಯಾರೂ ನಗಲಿಲ್ಲ.

ಮೂರನೆಯದು ಅಕ್ಷತಾ. ಮುಚ್ಚಿದ್ದ ಟವೆಲ್ ತೆಗೆದ ಕೂಡಲೇ ಪಡಸಾಲೆ ತುಂಬ ಡೀಸೆಲ್ ವಾಸನೆ. ಸಭೆಯ ಮಾತು ಕೇಳಿ ಮನೆಯಲ್ಲಿ ಆಗಲೇ ಪ್ರಯೋಗ ನಡೆದಿತ್ತು. ಮಗುವಿನ ನೆತ್ತಿ ಸುಟ್ಟು ಕೆಂಪಾಗಿತ್ತು. ಹೇನುಗಳು ಮಾತ್ರ ಆರಾಮ ಇದ್ದವು. ಅಕ್ಕೋರು ಬೈಯಲಿಲ್ಲ, ಮೆಲ್ಲಗೆ ಕೂದಲಿನ ಒಂದು ಎಳೆ ಎತ್ತಿ ಸೊಸೆಯನ್ನು ಹತ್ತಿರ ಕರೆದರು.

"ಇಲ್ಲಿ ನೋಡವಾ. ಹೇನ ಸೀರ ಇಡೂದು ಬುಡಕ್ಕ. ಕೂದಲಾ ಬೆಳದಂಗ ಸೀರ ಮ್ಯಾಲೆ ಬರತೈತಿ. ಇವು ಬುಡದಿಂದ ಎರಡ ಬೆರಳ ಮ್ಯಾಲದಾವು. ಎರಡ ಬೆರಳ ಅಂದ್ರ ಮೂರ ತಿಂಗಳ ಹಿಂದಿನವು. ನಿಮ್ಮ ಮನ್ಯಾಗ ಭಾದ್ರಪದಕ್ಕ ಮದಲ ವಸ್ತಿ ಬಂದಾವು. ಸುಜಾತಾನ ಬಾಜೂ ಈಕಿನ್ನ ಕುಂಡರಿಸಿದ್ದು ಯಾವಾಗ್ರಿ ಮೇಡಂ?"

"ರಜೆಗೆ ಎಂಟು ದಿನ ಮೊದಲು" ಎಂದೆ ನಾನು. ಅದಕ್ಕೂ ಮುಂಚೆ ಅಕ್ಷತಾ ಕೂರುತ್ತಿದ್ದುದು ನನ್ನ ಮೇಜಿನ ಬದಿಗೆ, ನನ್ನ ತಲೆಗೆ ತಲೆ ತಾಗಿಸಿಕೊಂಡು. ಅಧ್ಯಕ್ಷರ ಮೊಮ್ಮಗಳಲ್ಲವೇ, ಪಾಟಿಯ ಮೇಲೆ ಕೈ ಹಿಡಿದು ತಿದ್ದಿಸುತ್ತಿದ್ದೆ. ನನ್ನದು ಅವಳಿಗೆ ಹೋಯಿತೋ, ಅವಳದು ನನಗೆ ಬಂತೋ, ದೇವರೇ ಬಲ್ಲ.

"ಸುಜಾತಾ, ಬಾರವ್ವಾ" ಎಂದು ಅಕ್ಕೋರು ಕರೆದರು.

ಅವಳು ತಲೆಗೆ ಓಡನಿ ಹೊದ್ದುಕೊಂಡು ಸಾಲಿನ ಕೊನೆಗೆ ನಿಂತಿದ್ದಳು. ಬಂದು ಧೋತರದ ಮೇಲೆ ಕೂತು, ಓಡನಿ ತೆಗೆದು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು. ತಲೆ ಬೋಳಿಸಿತ್ತು. ಕಿವಿಯ ಹಿಂದೆ ಕತ್ತಿ ತಾಗಿದ ಒಂದು ಗೀರಿತ್ತು.

ಅಕ್ಕೋರು ಸೀರಣಿಗೆಯನ್ನು ಧೋತರದ ಮೇಲೆ ಇಟ್ಟರು. "ಯಾಕವ್ವಾ?" ಅಂದರು.

"ಚೀಟಿ ಬಂದಿತ್ರಿ" ಎಂದು ಹುಡುಗಿ ಕಂಪಾಸಿನಿಂದ ಚೀಟಿ ತೆಗೆದು ಕೊಟ್ಟಳು. "ಊರಾಗಿನ ಕಟಿಂಗ್ ಅಂಗಡ್ಯಾಂವ ನಮಗ ಕೈ ಹಚ್ಚೂದಿಲ್ಲಲ್ರಿ. ನಿನ್ನೆ ಅಪ್ಪ ಮನಗೂಳಿಗೆ ಕರಕೊಂಡ ಹೋಗಿದ್ದ. ಈಗ ಕುಂಡರಬಹುದೇನ್ರಿ?"

ಅಕ್ಕೋರು ಚೀಟಿ ಓದಿದರು. ಶಿಕ್ಕಾ ನೋಡಲಿಲ್ಲ, ಅಕ್ಷರ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಅವರ ಬೈಗುಳಕ್ಕೆ ನಾನು ತಲೆ ತಗ್ಗಿಸಿ ಕಾದೆ. ಅವರು ಬೈದದ್ದು ತಮ್ಮನ್ನೇ.

"ನೀ ಬಂದ ದಿನಾನ ನಾ ನೋಡಿದ್ನಿ, ನಿನ್ನ ಬೈತಲ್ಯಾಗ ಸೀರ ಇದ್ವು" ಅಂದರು. ಮೇಡಂ ಹೋಗಿತ್ತು, ರೀ ಹೋಗಿತ್ತು. "ದೊಡ್ಡವರ ಮನಿ ಹುಡುಗಿ, ಹೊಸಾ ನೌಕರಿ, ನಾಚಿಕಿ ಆಗಬಾರದಂತ ಬಾಯಿ ಮುಚಗೊಂಡ್ನಿ. ಈಕಿ ಓಣಿ ಹುಡುಗ್ಯಾರಿಗೆ ಮಂದಿ ಮುಂದ ಮಗ್ಗಿ ಹೇಳಿಸಿ ಹೇನ ತಗದೀನಿ. ಆವಾಗ ನಾಚಿಕಿ ನನಗ ನೆನಪ ಆಗಲಿಲ್ಲ. ಈ ತಲಿಯೊಳಗ ಇದ್ದುವೋ ಇಲ್ಲೋ, ಇನ್ನ ಯಾರಿಗೂ ಗೊತ್ತಾಗೂದಿಲ್ಲ."

ಅಧ್ಯಕ್ಷರು ಕುರ್ಚಿಯಿಂದ ಎದ್ದರು. "ಹೋಗ್ಲಿ ಬಿಡ್ರಿ ಅಕ್ಕೋರ, ಕೂದಲಾ ಏನು, ಮತ್ತ ಬರ್ತಾವು" ಅಂದರು. ಗೌರಾಬಾಯಿ ಅಕ್ಕೋರು ಮೊದಲ ಸಲ ಅವರ ಮುಖವನ್ನೇ ನೋಡಿ, "ಹಂಗಾರ ಮೀಸಿ ತಗೀರಿ ಗೌಡ್ರ. ಅವೂ ಬರ್ತಾವು" ಅಂದರು.

ಮೀಸೆ ಏನೂ ಹೋಗಲಿಲ್ಲ. ಆದರೆ ಲೋಶನ್ ಬಂತು. ಇಡೀ ಊರು ಒಂದೇ ದಿನ ತಲೆ ತೊಳೆಯಿತು, ಗೌಡರ ಮನೆಯಿಂದ ಆ ಓಣಿಯವರೆಗೆ. ಒಂಬತ್ತನೇ ದಿನ ಅಕ್ಕೋರು ಸೀರಣಿಗೆ ಹಿಡಿದು ಮನೆಮನೆ ತಿರುಗಿ ಎರಡನೇ ಸಲ ಹಚ್ಚಿಸಿದರು. ಮಗ್ಗಿ ಹೇಳಿಸುವುದನ್ನು ಬಿಟ್ಟರು. ನಾನೂ ಅವರೂ ಸುಜಾತಾಳ ಮನೆಗೆ ಹೋದೆವು. ಗೋಡೆಯ ಮೇಲೆ ಬುದ್ಧನ ಚಿತ್ರವಿದ್ದ ಒಂದೇ ಕೋಣೆ. ಸುನಂದಾ ನೀರು ಕೊಟ್ಟಳು, ಕೂರಲು ಹೇಳಿದಳು. ತಪ್ಪಾಯಿತು ಎಂದು ಅಕ್ಕೋರು ಕೈ ಮುಗಿದರು. ನಾನು ನೀರಿನ ಲೋಟ ಹಿಡಿದು ಕೂತೇ ಇದ್ದೆ.

"ಆಕಿ ನನಗ ಅಳಕೋತ ಹೇಳಿದ್ಲು, ಕೂದಲಾ ತಗಸಬ್ಯಾಡವಾ ಅಂತ" ಎಂದಳು ಸುನಂದಾ. "ನಾನ ಹೇಳಿದ್ನಿ, ಕೂದಲಾ ಹ್ವಾದ್ರ ಬರ್ತಾವು, ಸಾಲಿ ಹ್ವಾದ್ರ ಬರೂದಿಲ್ಲ ಅಂತ. ಪ್ರತಿ ಆಯ್ತವಾರ ಹಣಿಗಿ ಹಾಕಿ ನೋಡತಿದ್ನಿರಿ ನಾ. ಆಕಿ ತಲ್ಯಾಗ ಏನೂ ಇದ್ದಿದ್ದಿಲ್ಲ. ಆದ್ರ ನೀವು ಬರದ ಕಳಿಸಿದ್ರಿ. ಕಲ್ತವರು ಬರದ ಮ್ಯಾಲೆ ಇರಬಹುದು ಅಂದ್ಕೊಂಡ್ನಿ."

ಸುಜಾತಾ ಶಾಲೆಗೆ ಬಂದಳು. ಒಂದು ದಿನವೂ ತಪ್ಪಿಸಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಎಲ್ಲರಿಗಿಂತ ಮೊದಲು ಕೊಡುತ್ತಿದ್ದಳು. ಪಾಠದಾಚೆ ನನ್ನ ಜೊತೆ ಒಂದಕ್ಷರ ಆಡಲಿಲ್ಲ.

ಎರಡು ವರ್ಷದ ನಂತರ ಗೌರಾಬಾಯಿ ಅಕ್ಕೋರು ನಿವೃತ್ತರಾಗಿ ಸಾಲೋಟಗಿಗೆ ಹೋದರು. ಬೀಳ್ಕೊಡುವ ಸಭೆಯಲ್ಲಿ ಅಧ್ಯಕ್ಷರು ಶಾಲು ಹೊದಿಸಿ, ಅಕ್ಕೋರು ಊರಿನ ತಾಯಿ ಇದ್ದಂತೆ ಎಂದರು. ಅಕ್ಕೋರು ಆ ಶಾಲನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿ, ಆಮೇಲೆ ಹೊದ್ದುಕೊಂಡರು.

ಕಳೆದ ಬೇಸಿಗೆಯಲ್ಲಿ ಅವರನ್ನು ನೋಡಲು ಹೋಗಿದ್ದೆ. ಮಂಚ ಹಿಡಿದಿದ್ದರು. ಮೈ ಇಳಿದಿತ್ತು, ಗಡಗಡಿ ದನಿ ಮಾತ್ರ ಹಾಗೇ ಇತ್ತು. ಹೆಡ್ ಮಾಸ್ತರರ ಬಗ್ಗೆ, ಗೌಡರ ಬಗ್ಗೆ ಇಬ್ಬರೂ ಸೇರಿ ಮನಸ್ಸು ತುಂಬ ಆಡಿಕೊಂಡೆವು. ಹೊರಡುವಾಗ ಕೈ ಹಿಡಿದು ಕೇಳಿದರು: "ಸುಜಾತಾ ನಿಮ್ಮ ಜೋಡಿ ಮಾತಾಡ್ತಾಳೇನು?"

"ಆಡ್ತಾಳ್ರಿ. ಆರಾಮ ಅದಾಳು" ಎಂದೆ.

"ಸುಳ್ಳ ಹೇಳಬ್ಯಾಡ್ರಿ" ಅಂದರು. "ನಾ ಇರೂತನಾ ನನ್ನ ಜೋಡಿನೂ ಆಡಲಿಲ್ಲ. ಛಲೋ ಮಾಡ್ಯಾಳು. ನಾನಾದ್ರೂ ಆಡತಿದ್ದಿಲ್ಲ."

ಅವರು ತೀರಿಕೊಂಡ ಸುದ್ದಿ ಮಳೆಗಾಲದಲ್ಲಿ ಬಂತು. ನಾನು ಮನಗೂಳಿಯ ಬಸ್ ಸ್ಟ್ಯಾಂಡಿನಲ್ಲಿ ವಿಜಯಪುರದ ಬಸ್ಸಿಗೆ ಕಾಯುತ್ತಿದ್ದೆ. ಸುಜಾತಾ ಹೈಸ್ಕೂಲಿಗೆ ಬಂದು ಇಳಿದಳು. ಈಗ ಒಂಬತ್ತನೇ ತರಗತಿ, ಕೂದಲು ಮತ್ತೆ ಬೆನ್ನ ಮೇಲೆ ಇಳಿದಿದೆ. ತಡೆಯಲಾಗದೆ ಹೇಳಿದೆ: "ಗೌರಾಬಾಯಿ ಅಕ್ಕೋರು ಹೋದರವ್ವಾ. ಮಣ್ಣಿಗೆ ಹೊಂಟೇನಿ."

ಅವಳು ನನ್ನ ಫೋನು ಇಸಿದುಕೊಂಡು ತನ್ನ ಅವ್ವನಿಗೆ ಮಾತಾಡಿ, ಫೋನು ತಿರುಗಿ ಕೊಟ್ಟು, "ನಾನೂ ಬರ್ತೇನಿ" ಅಂದಳು.

ವಿಜಯಪುರದಲ್ಲಿ ಬಸ್ಸು ಬದಲಿಸಿದೆವು. ಅವಳು ಕಿಟಕಿಯ ಬದಿಗೆ ಕೂತು ಪಕ್ಕದ ಸೀಟಿನ ಮೇಲೆ ಬ್ಯಾಗು ಇಟ್ಟಳು. ನಾನು ಹಿಂದೆ ಕೂತೆ. ಇಂಡಿ ದಾಟುವವರೆಗೂ ನಾಲಿಗೆಯ ಮೇಲೆ ಬಂದದ್ದನ್ನು ನುಂಗುತ್ತಲೇ ಹೋದೆ. ಸಾಲೋಟಗಿಯಲ್ಲಿ ಇಳಿದ ಮೇಲೆ, ಬಸ್ಸು ಹೊರಟುಹೋಗಿ ರಸ್ತೆಯಲ್ಲಿ ನಾವಿಬ್ಬರೇ ಆದಾಗ, "ಸುಜಾತಾ, ಅವತ್ತು ನಾನು ಮಾಡಿದ್ದು ತಪ್ಪವ್ವಾ" ಎಂದೆ.

ಅವಳು ನನ್ನನ್ನು ನೋಡಿದಳು, ಸಾವಕಾಶ ನೋಡಿದಳು. "ಹೌದ್ರಿ" ಅಂದಳು. ಆಮೇಲೆ, "ಅಕ್ಕೋರ ಮನಿ ಯಾವ ಕಡೆ ಐತ್ರಿ?" ಎಂದು ಕೇಳಿದಳು.

ಕೈ ತೋರಿಸಿದೆ. ಅವಳು ಮುಂದೆ ನಡೆದಳು.